ಹೆಸರು ಕೆರೆದ ಮೋಟರಿನ ಕಡೆಯ ಸುತ್ತು

ನಮ್ಮ ಊರಿನಲ್ಲಿ ಹಳೆಯ ಮೋಟರಿಗೆ ಕರೆಂಟು ಕೊಡುವ ಮುಂಚೆ ಅದನ್ನು ಬೆಂಚಿಗೆ ಬಿಗಿದು, ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ‘ಮುಗಿಸ್ಕೊಳ್ಳಪಾ’ ಎಂದು ಹೇಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತೇವೆ. ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಮೋಟರು ಎದ್ದ ಕೂಡಲೇ ಮೊದಲು ತನ್ನ ಕಡೆಯ ಸುತ್ತು ಮುಗಿಸುತ್ತದೆ. ಎಂದರೆ, ಹಿಂದಿನ ಜಾಗದಲ್ಲಿ ಕರೆಂಟು ಹೋಗುವ ಮುಂಚೆ ಏನು ಮಾಡುತ್ತಿತ್ತೋ ಅದನ್ನೇ ಇನ್ನೊಮ್ಮೆ ಮಾಡುತ್ತದೆ. ಒಂದೇ ಸಲ. ನಡುವೆ ಕರೆಂಟು ತೆಗೆದರೆ ಉಳಿದದ್ದು ಹೋಯಿತು, ಮತ್ತೆ ಬರುವುದಿಲ್ಲ. ಸುತ್ತು ಮುಗಿಯಿತೋ, ಮೋಟರು ಖಾಲಿ. ಆಮೇಲೆ ಅದನ್ನು ಯಾವ ಮಷೀನಿಗಾದರೂ ಹಾಕಿಕೊಳ್ಳಿ, ಕೇಳುವವರಿಲ್ಲ. ಯಾಕೆ ಹೀಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಿಮ್ಮ ಊರಿನಲ್ಲಿ ನೀರು ಯಾಕೆ ಒದ್ದೆ ಎಂದು ನಾನು ಕೇಳಿದ್ದೇನೆಯೇ?

ಊರವರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಯಿತು. ಹಳೆಯ ಹೊಲಿಗೆ ಮಷೀನು ಕೊಂಡವರು ಅದು ಯಾರದೋ ರವಿಕೆಯ ತೋಳು ಹೊಲಿದು ಮುಗಿಸುವವರೆಗೆ ಬಟ್ಟೆ ಹಚ್ಚುವುದಿಲ್ಲ. ಗಿರಣಿಯ ಮೋಟರು ಯಾವುದೋ ಊರಿನ ಅರ್ಧ ಚೀಲ ಜೋಳ ಬೀಸುವಷ್ಟು ಹೊತ್ತು ಬರಿದೇ ತಿರುಗುತ್ತದೆ. ಗಿರಣಿಯವನು ಅಷ್ಟು ಹೊತ್ತು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಾನೆ. ಹೆಣ್ಣು ಕೊಡುವವರು ಗಂಡಿನ ಮನೆಯ ಅಟ್ಟದ ಮೇಲಿನ ಹಳೆಯ ಮಿಕ್ಸರನ್ನು ಏನಾದರೂ ನೆಪ ಹೇಳಿ ತರಿಸಿಕೊಂಡು ನನ್ನ ಅಂಗಡಿಗೆ ತರುತ್ತಾರೆ. ಹೋದ ವರ್ಷ ಒಂದು ಸಂಬಂಧ ಹಾಗೇ ಮುರಿಯಿತು. ಒಂದು ಬಟ್ಟಲು ಚಟ್ನಿ ರುಬ್ಬುವಷ್ಟರಲ್ಲಿ ಮಿಕ್ಸರು ಒಂಬತ್ತು ಸಲ ನಿಂತು ಒಂಬತ್ತು ಸಲ ಹೊರಟಿತು. ಆ ಮನೆಯ ಹಿರಿಸೊಸೆ ಅಷ್ಟು ಸಲ ಕೈ ತೆಗೆದು ಒಳಗಿನಿಂದ ಯಾರ ಕೂಗಿಗೆ ಉತ್ತರ ಕೊಡುತ್ತಿದ್ದಳೋ, ಹೆಣ್ಣಿನ ತಾಯಿಗೆ ಅಷ್ಟೇ ಸಾಕಾಯಿತು. ಮಷೀನಿನ ವಿಷಯದಲ್ಲಿ ಜಗಳ ಬಂದರೂ ನಾವು ಮೋಟರನ್ನೇ ಸಾಕ್ಷಿಗೆ ಕರೆಯುತ್ತೇವೆ. ಐದು ಜನ ನಿಂತು ನೋಡಿ ಮಷೀನ್ ಓಣಿಯವರ ಸಂಘದ ಪುಸ್ತಕದಲ್ಲಿ ಬರೆದರೆ ಅದರ ಮೇಲೆ ಮಾತಿಲ್ಲ.

ನಾನು ಶಾವಂತ್ರೆವ್ವ. ಮಷೀನ್ ಓಣಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನನ್ನದು, ಅಪ್ಪನಿಂದ ಬಂದದ್ದು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಹನ್ನೊಂದು ವರ್ಷ ಓಣಿಯೆಲ್ಲ ಸೇರಿ ಆ ಹೆಸರನ್ನು ತಿಪ್ಪೆಗೆ ಹಾಕಿದೆ, ನಾನೊಬ್ಬಳು ಹೇಳಿದ್ದರಿಂದ ಇನ್ನೇನು ಕಡಿಮೆಯಾದೀತು? ದುಂಡಪ್ಪ. ಊರ ಹೊರಗಿನ ದೊಡ್ಡ ಕಾರ್ಖಾನೆಯಲ್ಲಿ ಏಳನೇ ನಂಬರಿನ ಲೇತು ಓಡಿಸುತ್ತಿದ್ದರು. ಕಂಪ್ಯೂಟರಿನ ಲೇತು, ಪಂಪಿನ ಶಾಫ್ಟು ಕಡೆಯುವಂಥದ್ದು. ಕೂದಲಿನಷ್ಟು ಹೆಚ್ಚುಕಮ್ಮಿಯಾದರೂ ಬೆರಳಿನಿಂದ ಸವರಿ ಹೇಳುತ್ತಿದ್ದರು.

ಅವತ್ತು ಹಬ್ಬದ ಮರುದಿನ. ಆ ಸಾಲಿನಲ್ಲಿ ಇದ್ದವರು ಇವರೊಬ್ಬರು, ಶಿಫ್ಟಿನ ಸೂಪರ್‌ವೈಸರ್ ಪರಗೌಡರೊಬ್ಬರು. ಲೇತಿನ ಬಾಗಿಲು ತೆರೆದು ಮಾಲು ಅಳೆಯುತ್ತಿದ್ದಾಗ ಕಡೆಯುವ ಟೂಲು ಹೊತ್ತು ಅತ್ತಿತ್ತ ಸರಿಯುವ ಸ್ಲೈಡು ಬಲಗೈ ಮೇಲೆ ಬಂತು. ಮೂರು ಬೆರಳು ಹೋದವು. ಪರಗೌಡರು ಅದೇ ಸಂಜೆ ರಿಜಿಸ್ಟರಿನಲ್ಲಿ ಬರೆದರು: ‘ಆಪರೇಟರ್ ಬಾಗಿಲು ತೆರೆದು ಕೈ ಒಳಗಿಟ್ಟು ತಾನೇ ಗುಂಡಿ ಒತ್ತಿದ್ದಾನೆ. ಕೈಯನ್ನು ತಕ್ಷಣ ಬಿಡಿಸಲಾಯಿತು.’ ಏಳನೇ ನಂಬರಿಗೆ ಸೀಲು ಹಾಕಿದರು. ಅದೇ ತಿಂಗಳು ಕಾರ್ಖಾನೆಗೂ ಬೀಗ ಬಿತ್ತು, ಲೇತು ಮತ್ತೆ ತಿರುಗಲಿಲ್ಲ.

ತನ್ನ ಕೈ ಮೇಲೆ ತಾನೇ ಗುಂಡಿ ಒತ್ತಿಕೊಂಡವನು ನಾಳೆ ಇನ್ನೊಬ್ಬರ ಕೈ ಮೇಲೆ ಒತ್ತುತ್ತಾನೆ ಎನ್ನುವುದು ನಮ್ಮ ಓಣಿಯ ನಂಬಿಕೆ. ಅಂಥವನಿಗೆ ಯಾರೂ ಮಷೀನು ಕೊಡುವುದಿಲ್ಲ. ಉಳಿದ ಎರಡು ಬೆರಳಿನಲ್ಲಿ ಇವರು ಎರಡು ಕೈಯವರಿಗಿಂತ ಚೆನ್ನಾಗಿ ಕೆಲಸ ಮಾಡಬಲ್ಲರು, ಆದರೆ ಕೊಡುವವರು ಬೇಕಲ್ಲ. ಹನ್ನೊಂದು ವರ್ಷದಿಂದ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಮೋಟರಿನ ಸುರುಳಿಗೆ ಹಾಕುವ ಇನ್ಸುಲೇಷನ್ ಕಾಗದ ಕತ್ತರಿಸುತ್ತಾರೆ, ಸ್ಕ್ರೂ ಆರಿಸುತ್ತಾರೆ. ಹಿಂಭಾಗದಲ್ಲಿ ಒಂದು ಹಳೆಯ ಲೇತು ಕೊಂಡು ನಿಲ್ಲಿಸಿದ್ದೇನೆ, ಸ್ಲೈಡಿನ ಮೋಟರು ಇಲ್ಲದ್ದು. ಅದರ ಕಡೆ ಅವರು ತಿರುಗಿ ನೋಡಿದ್ದಿಲ್ಲ. ಓಣಿಯಲ್ಲಿ ಅವರ ಹೆಸರು ಗುಂಡಿ ದುಂಡಪ್ಪ. ನನ್ನೆದುರು ಹಾಗೆ ಕರೆದ ಇಬ್ಬರಿಗೆ ನಾನು ಇಕ್ಕಳ ಎಸೆದಿದ್ದೇನೆ, ಒಬ್ಬನಿಗೆ ತಾಗಿದೆ.

ಆದರೆ ಕಷ್ಟವೆಂದರೆ ಅವರೂ ಹಾಗೇ ಹೇಳುತ್ತಿದ್ದರು. ಆಸ್ಪತ್ರೆಯಿಂದ ಬಂದ ವಾರ ನಾನು ನೇರವಾಗಿ ಕೇಳಿದೆ. ಅವರು ಗೋಡೆ ನೋಡುತ್ತ ಹೇಳಿದರು.

“ಗುಂಡಿ ಒತ್ತಿದ್ದು ನಾನಽ, ಶಾವಂತ್ರಿ. ಬೆರಳಿಗೆ ನೆನಪೈತಿ. ಒತ್ತಿದಿ ಏನಪಾ ಅಂತ ಕೇಳಿದ್ರು, ಹೌದು ಅಂದೆ. ಈ ವಿಷಯ ಇನ್ನ ಬಿಡು.”

ಬಿಡುವವಳು ನಾನಲ್ಲ. ಸಾದಾ ಮೋಟರು ತಿರುಗು ಎಂದರೆ ತಿರುಗುತ್ತದೆ, ಅಷ್ಟೇ. ಲೇತಿನ ಸ್ಲೈಡಿಗೆ ಹಾಕುವ ಸರ್ವೋ ಮೋಟರು ಹಾಗಲ್ಲ. ಎಷ್ಟು ಸುತ್ತು ಎಂದರೆ ಅಷ್ಟೇ ಸುತ್ತಿ, ನಿಲ್ಲು ಎಂದಲ್ಲಿ ನಿಂತು, ಎಲ್ಲಿದ್ದೇನೆ ಎಂದು ಬೆನ್ನಿನ ಸಣ್ಣ ವೈರಿನಲ್ಲಿ ಗಳಿಗೆಗಳಿಗೆಗೂ ವರದಿ ಕಳಿಸುತ್ತಿರುತ್ತದೆ. ಕೈಯಿಂದ ಗುಂಡಿ ಒತ್ತಿದರೆ ಸ್ಲೈಡು ನಿಧಾನವಾಗಿ ಸರಿಯುತ್ತದೆ. ಕೈ ಹಿಂದೆಳೆದುಕೊಂಡು ಒಂದು ಸೀನು ಸೀನುವಷ್ಟು ಸಮಯ ಇರುತ್ತದೆ. ಆ ಸಣ್ಣ ವೈರು ಸಡಿಲವಾದರೆ ಮಾತ್ರ ಮೋಟರಿಗೆ ತಾನೆಲ್ಲಿದ್ದೇನೆ ಎಂಬುದೇ ತಪ್ಪಿ, ಕಣ್ಣು ಮುಚ್ಚಿ ಓಡುತ್ತದೆ. ಹಾಗಾಗಿ ಏಳನೇ ನಂಬರಿನ ಆ ಮೋಟರು ಸಿಕ್ಕರೆ ಸಾಕಿತ್ತು. ಅದರ ಕಡೆಯ ಸುತ್ತು ನಿಧಾನವಾಗಿದ್ದರೆ ತಪ್ಪು ಇವರದು. ಓಡಿದರೆ ಮಷೀನಿನದು, ವೈರು ಸಡಿಲವಾಗಿದೆ ಎಂದು ಇವರು ಮೊದಲೇ ಮೂರು ಸಲ ಹೇಳಿದರೂ ಕೇಳದ ಪರಗೌಡರದು.

ಹತ್ತು ವರ್ಷ ವ್ಯಾಜ್ಯದಲ್ಲಿ ಸಿಕ್ಕಿದ್ದ ಕಾರ್ಖಾನೆಯ ಸಾಮಾನು ಈ ಸಲ ಹರಾಜಾಗಿ ಗುಜರಿ ದಸ್ತಗೀರಸಾಬರ ಶೆಡ್ಡಿಗೆ ಬಂತು. ಮಂಗಳವಾರ ಅವರೇ ಹೇಳಿ ಕಳಿಸಿದರು. ಓಡಿ ಹೋದೆ. ಮಷೀನುಗಳನ್ನು ಹರಾಜಿಗೆ ಮುಂಚೆಯೇ ಬಿಚ್ಚಿ ಹಾಕಿದ್ದರು. ಹದಿನಾಲ್ಕು ಸರ್ವೋ ಮೋಟರು ಸಾಲಾಗಿ ಮಲಗಿದ್ದವು, ಎಲ್ಲವೂ ಕಪ್ಪು, ಎಲ್ಲವುಗಳ ನೇಮ್ ಪ್ಲೇಟನ್ನೂ ಗ್ರೈಂಡರಿನಿಂದ ಕೆರೆದು ಹಾಕಲಾಗಿತ್ತು. ಕಂಪನಿ ಇಲ್ಲ, ನಂಬರಿಲ್ಲ, ವೋಲ್ಟಿಲ್ಲ. ಶನಿವಾರ ಮಧ್ಯಾಹ್ನ ಲಾರಿ ಬಂದು ಎಲ್ಲವನ್ನೂ ಕುಲುಮೆಗೆ ಒಯ್ಯುತ್ತದೆ ಎಂದು ದಸ್ತಗೀರಸಾಬರು ಹೇಳಿದರು. ಮಾತು ಕೊಟ್ಟಾಗಿದೆ, ತಡೆಯಲಾರೆ, ಅಲ್ಲಿಯವರೆಗೆ ಬೇಕಾದಷ್ಟು ನೋಡಿಕೊ ಎಂದರು.

ಅಲ್ಲಿಂದ ನೇರವಾಗಿ ಸಂಘದ ಕಚೇರಿಗೆ ಹೋದೆ. ಈಗ ಅಧ್ಯಕ್ಷರು ಯಾರೆಂದುಕೊಂಡಿರಿ? ಅದೇ ಪರಗೌಡರು. ನಾನು ಮೋಟರನ್ನು ಸಾಕ್ಷಿಗೆ ಕರೆಯುತ್ತೇನೆ ಎಂದಷ್ಟೇ ಹೇಳಿದೆ. ಅವರು ನೇಮ್ ಪ್ಲೇಟ್ ಕೆರೆಯುವುದು ಎಲ್ಲ ಹರಾಜಿನಲ್ಲೂ ಇರುವ ಪದ್ಧತಿ, ಅದರಲ್ಲೇನೂ ವಿಶೇಷವಿಲ್ಲ ಎಂದರು. ನಾನು ಅದನ್ನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎನ್ನುವ ಮುಂಚೆಯೇ ಹೆಗಲು ಮುಟ್ಟಿ ನೋಡಿಕೊಂಡರೆ ಏನು ಹೇಳೋಣ. ಆಮೇಲೆ ಪುಸ್ತಕದಲ್ಲಿ ಒಂದು ನಿಯಮ ತೋರಿಸಿದರು: ನೇಮ್ ಪ್ಲೇಟ್ ಇಲ್ಲದ ಮೋಟರನ್ನು ಸಾಕ್ಷಿಗೆ ಕರೆಯುವಂತಿಲ್ಲ. ಅವರು ಅಧ್ಯಕ್ಷರಾದ ವರ್ಷ ಸೇರಿಸಿದ ನಿಯಮ. ನಾನು ಪುಸ್ತಕ ಎಳೆದುಕೊಂಡು ಹಿಂದಿನ ಹಾಳೆ ತಿರುವಿದೆ. ಹೆಸರು ಅಳಿಸಿದ ಮೋಟರಿಗೆ ಅದನ್ನು ಓಡಿಸಿದವನೇ ಬಂದು ಮೇಲೆ ಕೈಯಿಟ್ಟು ‘ಇದು ನನ್ನದು’ ಎಂದರೆ ಸಾಕು ಎಂದು ಅಪ್ಪನ ಕಾಲದ ಅಕ್ಷರದಲ್ಲಿ ಇತ್ತು. ಹೊಸದನ್ನು ಬರೆದವರು ಹಳೆಯದನ್ನು ಹೊಡೆದು ಹಾಕಲು ಮರೆತಿದ್ದರು. ಎರಡೂ ನಿಯಮ ಇದ್ದಮೇಲೆ ನನಗೆ ಬೇಕಾದ್ದನ್ನು ನಾನು ಹಿಡಿಯುತ್ತೇನೆ ಎಂದೆ. ಕಚೇರಿಯಲ್ಲಿ ಕೂತಿದ್ದ ನಾಲ್ಕು ಜನ ನೆಲ ನೋಡಿದರು, ಆದರೆ ಇಲ್ಲ ಎನ್ನಲಿಲ್ಲ. ಪರಗೌಡರು ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುವುದಾಗಿ ಒಪ್ಪಿದರು. ಒಂದು ದೂರಿಗೆ ಒಂದೇ ಮೋಟರು, ತಪ್ಪು ಮೋಟರನ್ನು ಎಬ್ಬಿಸಿದರೆ ದೂರು ಅಲ್ಲಿಗೆ ಬಿತ್ತು ಎಂದು ನೆನಪಿಸಿದರು. ಅದು ನನಗೂ ಗೊತ್ತಿತ್ತು.

ಅಂದರೆ ಕರೆಂಟು ಕೊಡದೆ ಹದಿನಾಲ್ಕರಲ್ಲಿ ಒಂದನ್ನು ಗುರುತು ಹಿಡಿಯಬೇಕು. ಬುಧವಾರ ಬೆಳಿಗ್ಗೆ ದಪ್ಪ ಅಳೆಯುವ ವರ್ನಿಯರ್, ಮೀಟರು, ಬ್ಯಾಟರಿ, ಹಳೆಯ ಸೀರೆಯ ತುಂಡು ಕಟ್ಟಿಕೊಂಡು ಶೆಡ್ಡಿನಲ್ಲಿ ಕೂತೆ. ಹೆಸರು ಕೆರೆದರೆ ಗುರುತು ಹೋಯಿತು ಎಂದುಕೊಂಡವರು ಮೋಟರನ್ನು ಓದಲು ಬರದವರು. ನನ್ನ ಅಪ್ಪ ಕಣ್ಣು ಕಟ್ಟಿ ಕೈಗೆ ಮೋಟರು ಕೊಡುತ್ತಿದ್ದರು. ಮೊದಲು ಬ್ರೇಕು ನೋಡಿದೆ. ಏಳನೇ ನಂಬರಿನ ಲೇತಿನಲ್ಲಿ ಸ್ಲೈಡು ಕೂರುವ ಹಾಸು ಇಳಿಜಾರಿನದು. ಕರೆಂಟು ಹೋದಾಗ ಸ್ಲೈಡು ಜಾರಬಾರದೆಂದು ಆ ಮೋಟರಿನ ಒಳಗೇ ಬ್ರೇಕು ಇರುತ್ತದೆ. ಬ್ರೇಕಿಗೆ ಬೇರೆಯೇ ಎರಡು ವೈರು, ಇಪ್ಪತ್ನಾಲ್ಕು ವೋಲ್ಟು ಸಾಕು, ಅಷ್ಟಕ್ಕೆ ಮೋಟರು ಏಳುವುದಿಲ್ಲ. ಒಂದೊಂದಕ್ಕೂ ಬ್ಯಾಟರಿ ಹಚ್ಚಿ ಟಕ್ ಎನ್ನುತ್ತದೆಯೇ ಎಂದು ಕಿವಿಗೊಟ್ಟೆ. ಐದು ಟಕ್ ಎಂದವು. ಒಂಬತ್ತನ್ನು ಆಚೆ ಉರುಳಿಸಿದೆ.

ಐದರಲ್ಲಿ ಎರಡರ ಶಾಫ್ಟು ದಪ್ಪ. ಅವು ನಿಂತು ಕೊರೆಯುವ ಮಷೀನಿನವು, ಮುಂದಿನ ತಟ್ಟೆಯ ತೂತುಗಳ ಅಂತರವೂ ಬೇರೆ. ಉಳಿದ ಮೂರಕ್ಕೆ ಮೀಟರು ಹಚ್ಚಿ ಸುರುಳಿ ಅಳೆದೆ. ಒಂದರಲ್ಲಿ ಮುಳ್ಳು ಬೇರೆ ಕಡೆ ನಿಂತಿತು. ತಂತಿ ತೆಳುವಾದದ್ದು, ಅದನ್ನೂ ಸರಿಸಿದೆ. ಗುರುವಾರ ಸಂಜೆಗೆ ಎರಡು ಉಳಿದವು. ಅವು ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಶಾಫ್ಟು ಒಂದೇ, ಸುರುಳಿ ಒಂದೇ, ಬೆನ್ನಿನ ವೈರಿನ ಎಳೆಗಳೂ ಅಷ್ಟಷ್ಟೇ. ಬ್ರೇಕು ಬಿಡಿಸಿ ಕೈಯಿಂದ ತಿರುಗಿಸಿದರೆ ಒಳಗಿನ ಅಯಸ್ಕಾಂತ ಬೆರಳಿಗೆ ಸಣ್ಣ ಸಣ್ಣ ಮೆಟ್ಟಿಲಾಗಿ ತಟ್ಟುತ್ತದೆ. ಅದನ್ನು ಎಣಿಸಿದೆ, ಎರಡರಲ್ಲೂ ಸಮ. ಕಾರ್ಖಾನೆಯಲ್ಲಿ ಏಳು ಮತ್ತು ಎಂಟು ಎರಡೂ ಒಂದೇ ಕಂಪನಿಯ ಲೇತುಗಳು. ಇವು ಅವುಗಳ ಮೋಟರು. ಯಾವುದು ಏಳು, ಯಾವುದು ಎಂಟು? ಶುಕ್ರವಾರವೆಲ್ಲ ಅವೆರಡರ ನಡುವೆ ಕುಕ್ಕರುಗಾಲಿನಲ್ಲಿ ಕೂತು ಒರೆಸಿದೆ, ಮೂಸಿದೆ, ಬೈದೆ. ದಸ್ತಗೀರಸಾಬರು ಚಹಾ ತಂದಿಟ್ಟು, ಒಂದನ್ನು ಮುಟ್ಟಿ ದೇವರ ಮೇಲೆ ಭಾರ ಹಾಕು ತಾಯಿ ಎಂದರು. ದೇವರಿಗೆ ವೈಂಡಿಂಗ್ ಬರುವುದಿಲ್ಲ ಎಂದು ರೇಗಿದೆ. ಪಾಪ, ಒಳ್ಳೆಯದಕ್ಕೇ ಹೇಳಿದ್ದರು.

ಗುರುತು ಹೇಳಬಲ್ಲವರು ಒಬ್ಬರೇ ಇದ್ದರು. ನಿಯಮದ ಪ್ರಕಾರವೂ ಅವರೇ ಬಂದು ಕೈಯಿಡಬೇಕಿತ್ತು. ಆ ರಾತ್ರಿ ರೊಟ್ಟಿ ಬಡಿಯುತ್ತ ಮತ್ತೆ ಕೇಳಿದೆ. ಮೂರು ದಿನದಿಂದ ಕೇಳುತ್ತಲೇ ಇದ್ದೆ, ಅವರು ಊಟ ಬಿಟ್ಟು ಏಳುತ್ತಿದ್ದರು. ಈ ಸಲ ಏಳಲಿಲ್ಲ. ಅದು ನಿಧಾನವಾಗಿ ತಿರುಗಿದರೆ ಏನು ಮಾಡುತ್ತೀ ಎಂದು ಕೇಳಿದರು. ಈಗ ಊರವರು ಮಾತ್ರ ಹೇಳುತ್ತಿದ್ದಾರೆ, ಆಮೇಲೆ ಮೋಟರೇ ಹೇಳಿದಂತಾಗುತ್ತದೆ. ತನಗೆ ನೋವಿನಲ್ಲಿ ಹಿಂದಿನದು ಮುಂದಿನದು ಕಲಸಿಹೋಗಿದೆ, ಗುಂಡಿ ಬೆರಳಿನ ಕೆಳಗೆ ಕುಸಿದದ್ದು ಮಾತ್ರ ನೆನಪಿದೆ ಎಂದರು. ನನಗೂ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷ ಊರಿನ ಎದುರು ಎದೆ ಸೆಟೆಸಿ ನಿಂತವಳು, ಅದು ನಿಧಾನವಾಗಿ ತಿರುಗಿಬಿಟ್ಟರೆ ಯಾವ ಮುಖ ಹೊತ್ತು ಓಣಿಯಲ್ಲಿ ನಡೆಯಲಿ? ಆದರೂ ಹೇಳಿದೆ.

“ನಿಧಾನ ತಿರುಗಿದ್ರ ತಿರುಗವಲ್ದ್ಯಾಕ. ತಪ್ಪು ಮಾಡಿದ ಗಂಡನ ಕೂಡ ಬಾಳೇ ಮಾಡತೇನಿ. ಮೂಲ್ಯಾಗ ಕುಂತು ಕಾಗದ ಕತ್ತರಿಸೋ ಗಂಡನ ಕೂಡ ನನಗ ಸಾಕಾಗೇತಿ.”

ಅವರು ತಟ್ಟೆ ತೊಳೆದಿಟ್ಟು ಮಲಗಿದರು. ಹಾಗೆ ಅನ್ನಬಾರದಿತ್ತು ಎಂದು ಆಮೇಲೆ ಅನಿಸಿತು, ಆದರೆ ಅಂದದ್ದು ನಿಜವೇ ಆಗಿತ್ತು.

ಶನಿವಾರ ಹತ್ತಕ್ಕೆ ಶೆಡ್ಡಿಗೆ ಪರಗೌಡರು ಬಂದರು, ಬಿಳಿ ಅಂಗಿ, ಕಂಕುಳಲ್ಲಿ ಸಂಘದ ಪುಸ್ತಕ. ಜೊತೆಗೆ ಓಣಿಯ ನಾಲ್ವರು ಸಾಕ್ಷಿಗಳು. ಎರಡೂ ಮೋಟರು ಬೆಂಚಿನ ಕೆಳಗಿದ್ದವು. ಓಡಿಸಿದವನೆಲ್ಲಿ ಎಂದು ಪರಗೌಡರು ಕೇಳಿದರು. ಬರುತ್ತಾರೆ ಎಂದೆ. ಹತ್ತೂಕಾಲಾಯಿತು. ಪರಗೌಡರು ಪುಸ್ತಕ ಮುಚ್ಚಿ, ಪಾಪ ಹೆಣ್ಣುಮಗಳು ಸುಮ್ಮನೆ ಮೂರು ದಿನ ಮೈ ಕೈ ಮಸಿ ಮಾಡಿಕೊಂಡಳು ಎಂದು ಉಳಿದವರಿಗೆ ಕೇಳುವಂತೆ ಹೇಳಿದರು. ನನ್ನ ಕೈಯಲ್ಲಿ ಸ್ಪಾನರಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಮ್ಮವರು ನಿಂತಿದ್ದರು. ಕಾರ್ಖಾನೆಯ ನೀಲಿ ಅಂಗಿ ಹಾಕಿಕೊಂಡಿದ್ದರು. ಅದನ್ನು ಅವರು ಎಲ್ಲಿ ಇಟ್ಟಿದ್ದರೋ ನನಗೆ ಗೊತ್ತಿರಲಿಲ್ಲ.

ಯಾರ ಕಡೆಯೂ ನೋಡದೆ ನೆಲದ ಮೇಲೆ ಕೂತರು. ನಾನು ಬ್ರೇಕಿಗೆ ಬ್ಯಾಟರಿ ಹಚ್ಚಿ ಹಿಡಿದೆ. ಅವರು ಬಲಗೈಯ ಎರಡು ಬೆರಳಿನಿಂದ ಮೊದಲನೇ ಮೋಟರಿನ ಶಾಫ್ಟು ತಿರುಗಿಸಿ ಬಿಟ್ಟರು. ಎರಡನೆಯದನ್ನು ತಿರುಗಿಸಿದರು. ಅರ್ಧಕ್ಕೆ ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ತಿರುಗಿಸಿದರು. ಸೋಮವಾರ ಸೋಮವಾರ ಕಸ ತೆಗೆದ ಮೇಲೆ ಇದನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದೆ, ಪ್ರತಿ ಸುತ್ತಿಗೂ ಇಲ್ಲೊಂದು ಕಡೆ ಬೇರಿಂಗು ಸ್ವಲ್ಪ ಹಿಡಿಯುತ್ತಿತ್ತು ಎಂದು ನನಗೆ ಹೇಳಿದರು. ನಾನು ಅದೇ ಜಾಗ ತಿರುಗಿಸಿದೆ. ಹೌದು, ಅಕ್ಕಿಕಾಳಿನಷ್ಟು ತಡೆ. ಮೆಟ್ಟಿಲು ಎಣಿಸುವ ಭರದಲ್ಲಿ ನನಗೆ ಅದು ಸಿಕ್ಕಿರಲಿಲ್ಲ. ಅವರು ಮೋಟರಿನ ಮೇಲೆ ಪೂರ್ತಿ ಅಂಗೈ ಇಟ್ಟು ಹೇಳಿದರು.

“ಇದು ನನ್ನದು.”

ಪರಗೌಡರಿಗೆ ಬರೆದುಕೊಳ್ಳದೆ ವಿಧಿಯಿರಲಿಲ್ಲ. ನಾನು ಮೋಟರನ್ನು ಬೆಂಚಿಗೆ ಬಿಗಿದೆ, ಸರ್ವೋಗೆ ಕರೆಂಟು ಅಳೆದು ಕೊಡುವ ಡ್ರೈವಿನ ಡಬ್ಬಿಗೆ ವೈರು ಸಿಕ್ಕಿಸಿದೆ, ಶಾಫ್ಟಿಗೆ ಗೆರೆ ಎಳೆದೆ. ‘ಮುಗಿಸ್ಕೊಳ್ಳಪಾ’ ಎಂದೆ. ಸ್ವಿಚ್ಚು ಒತ್ತಿದೆ.

ಮೋಟರು ಓಡಿತು. ಸೀಮೆಸುಣ್ಣದ ಗೆರೆ ಕಾಣದಂತಾಯಿತು, ಬೆಂಚು ಅದುರಿತು, ಒಬ್ಬ ಸಾಕ್ಷಿ ಹಿಂದಕ್ಕೆ ಜಿಗಿದ. ಒಂದು ಗಳಿಗೆ, ಅಷ್ಟೇ, ಗಕ್ಕನೆ ನಿಂತಿತು. ಗುಂಡಿ ಒತ್ತಿ ಸರಿಸುವ ನಿಧಾನ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ನೋಡಿದಿರಾ ಎಂದು ಎಲ್ಲರ ಮುಖ ನೋಡಿದೆ. ಸಾಕ್ಷಿಗಳು ನೋಡಿದ್ದರು. ಪರಗೌಡರು ಆಯಿತು, ಓಡಿತು, ಬರೆದುಕೊಳ್ಳುತ್ತೇನೆ, ಸ್ವಿಚ್ಚು ತೆಗೆ ಎಂದರು. ಬಹಳ ಬೇಗ ಹೇಳಿದರು. ನಾನೂ ಸ್ವಿಚ್ಚಿನ ಕಡೆ ಕೈ ಚಾಚಿದೆ. ಆಗ ಮೋಟರು ಇನ್ನೂ ಗುಂಯ್ ಎನ್ನುತ್ತಿರುವುದು ಕಿವಿಗೆ ಬಿತ್ತು. ಸುತ್ತು ಮುಗಿದರೆ ಮೋಟರು ಸುಮ್ಮನಾಗುತ್ತದೆ. ಇದು ಸುಮ್ಮನಾಗಿರಲಿಲ್ಲ, ನಿಂತಿತ್ತು ಅಷ್ಟೇ.

ನಾವೆಲ್ಲ ಎಂಥ ದಡ್ಡರು. ಹನ್ನೊಂದು ವರ್ಷ ನಿಧಾನವೋ ಓಟವೋ ಎಂದು ತಲೆ ಕೆಡಿಸಿಕೊಂಡ ನಾನು, ಮೋಟರಿನ ನಾಡಿ ಹಿಡಿಯುತ್ತೇನೆ ಎಂದು ಬೀಗುವ ನಾನು, ಕಡೆಯ ಸುತ್ತು ಎಂದರೆ ಕೈ ಸಿಕ್ಕಿದ ಗಳಿಗೆಯೇ ಎಂದುಕೊಂಡಿದ್ದೆ. ಸಿಕ್ಕಿದ ಕೈ ಹೊರಗೆ ಬರಬೇಕಲ್ಲ! ಬಿಡಿಸಿದ್ದು ಇನ್ನೂ ಬಾಕಿ ಇತ್ತು.

ಪರಗೌಡರು ಮುಂದೆ ಬಂದು ತಾವೇ ಸ್ವಿಚ್ಚಿಗೆ ಕೈ ಹಾಕಿದರು. ನಾನು ನಡುವೆ ನಿಂತೆ.

“ಮುಟ್ಟಿದ್ರ ಕೈ ಮುರೀತೇನಿ ಗೌಡ್ರ. ಮುಗೀಲಿ.”

ಅವರು ನಿಂತರು. ನಾವು ಏಳು ಜನ, ದಸ್ತಗೀರಸಾಬರು ಸೇರಿದರೆ ಎಂಟು, ತಿರುಗದ ಮೋಟರನ್ನು ನೋಡುತ್ತ ನಿಂತೆವು. ಒಂದು ನಿಮಿಷವಾಯಿತು. ಎರಡಾಯಿತು. ‘ತಕ್ಷಣ ಬಿಡಿಸಲಾಯಿತು’ ಎಂಬ ಮಾತು ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠವಿತ್ತು. ಮೂರು ನಿಮಿಷಕ್ಕೆ ಸಾಕ್ಷಿಯೊಬ್ಬ ಪರಗೌಡರ ಕಡೆ ತಿರುಗಿ ನೋಡಿದ. ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ಐದನೇ ನಿಮಿಷಕ್ಕೋ ಏನೋ, ನೆಲದ ಮೇಲೆ ಕೂತಿದ್ದ ನಮ್ಮವರು ಮಾತಾಡಿದರು. ಯಾರಿಗೂ ಅಲ್ಲ, ಮೋಟರಿಗೆ ಹೇಳುವಂತೆ, ಸಾವಕಾಶವಾಗಿ.

“ಈಗ ಗೌಡ್ರು ಬಂದು ನೋಡಿದ್ರು. ಕೈ ಹಚ್ಚಬ್ಯಾಡ, ಹಿಂದಕ್ಕ ಜಗ್ಗಿದ್ರ ಸ್ಲೈಡಿನ ಸ್ಕ್ರೂ ಕೆಡತೈತಿ, ಎಂಜಿನಿಯರ್‌ನ ಕರೀತೇನಿ ಅಂದ್ರು. ಫೋನ್ ಮಾಡಾಕ ಆಫೀಸಿಗೆ ಹೋದ್ರು.”

ಇದನ್ನು ಅವರು ನನಗೆ ಯಾವತ್ತೂ ಹೇಳಿರಲಿಲ್ಲ. ಕೇಳಿದಾಗಲೆಲ್ಲ ಗುಂಡಿಯ ಮಾತು ಮಾತ್ರ ಹೇಳಿದ್ದರು. ಅಷ್ಟು ಹೊತ್ತು ಮಷೀನಿನ ಬಾಯಲ್ಲಿ ಕೈಯಿಟ್ಟುಕೊಂಡು ಒಬ್ಬರೇ ನಿಂತಿದ್ದರು, ನಾನು ಆಗ ಮನೆಯಲ್ಲಿ ಹಬ್ಬದ ಉಳಿದ ಹೋಳಿಗೆ ಬಿಸಿ ಮಾಡುತ್ತಿದ್ದೆ. ನಾನು ಅಲ್ಲೇ ಅವರ ಪಕ್ಕದಲ್ಲಿ ಕೂತೆ. ಎಂಟು ನಿಮಿಷ. ಹತ್ತು. ದಸ್ತಗೀರಸಾಬರು ಮುಖಕ್ಕೆ ಟವೆಲ್ಲು ಹಿಡಿದರು. ಪರಗೌಡರು ಹೊರಗೆ ಹೋಗಲು ಹೊರಟಾಗ ಬಾಗಿಲ ಹತ್ತಿರ ಇದ್ದ ಸಾಕ್ಷಿ, ಸ್ಕ್ರೂ ಕಡೆಯುವ ಯಂಕಣ್ಣ, ಇಷ್ಟು ವರ್ಷ ಗುಂಡಿ ದುಂಡಪ್ಪ ಎಂದವರಲ್ಲಿ ಮೊದಲಿಗ, ಬಾಗಿಲಿಗೆ ಅಡ್ಡ ನಿಂತು ಸಾಕ್ಷಿಗೆ ಬಂದವರು ಮುಗಿಯುವವರೆಗೆ ನಿಲ್ಲಬೇಕು ಎಂದ.

ಹದಿನಾಲ್ಕು ನಿಮಿಷವಾದಾಗ ಶಾಫ್ಟು ಅಲುಗಿತು. ಹಿಂದಕ್ಕೆ, ಸ್ವಲ್ಪ. ನಿಂತಿತು. ಮತ್ತೆ ಸ್ವಲ್ಪ. ಗೆರೆ ಸಾವಕಾಶವಾಗಿ ತಿರುಗಿತು, ನಿಂತಿತು, ತಿರುಗಿತು. ಯಾರೋ ಗುಂಡಿಯನ್ನು ಒತ್ತಿ ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಒತ್ತುತ್ತಿದ್ದ ಹಾಗೆ. ನಮ್ಮವರು ಎದ್ದು ನಿಂತಿದ್ದರು. ಎಡಗೈ ತಾನಾಗಿ ಮೈಯ ಮುಂದಿನಿಂದ ಬಲಕ್ಕೆ ಚಾಚಿತ್ತು, ತೋರುಬೆರಳು ಗಾಳಿಯಲ್ಲಿ ಗೆರೆಯ ಜೊತೆಗೇ ಒತ್ತುತ್ತಿತ್ತು. ಒಂದೂ ತಪ್ಪಲಿಲ್ಲ.

“ಇದು ನಾನು,” ಎಂದರು. “ಹೌದು, ಗುಂಡಿ ನಾನಽ ಒತ್ತೇನಿ. ಕೈ ಬಿಡಿಸ್ಕೊಳ್ಳಾಕ ಒತ್ತೇನಿ.”

ಮೋಟರು ಸುಮ್ಮನಾಯಿತು.

ಪುಸ್ತಕ ಪರಗೌಡರ ಮುಂದಿತ್ತು. ಹದಿನಾಲ್ಕು ನಿಮಿಷ ಎಂದು ಬರೆಯಿರಿ ಎಂದೆ. ಅವರು ಪೆನ್ನು ತೆಗೆಯಲಿಲ್ಲ. ನೇಮ್ ಪ್ಲೇಟ್ ಇಲ್ಲದ್ದು ಎಂದೇನೋ ಬಾಯೊಳಗೆ ಅಂದರು. ಯಂಕಣ್ಣ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಅಕ್ಷರ ಅಷ್ಟಾಗಿ ಬರದವನು, ಎರಡು ಸಾಲು ಬರೆಯಲು ಹತ್ತು ನಿಮಿಷ ತೆಗೆದುಕೊಂಡ. ಉಳಿದ ಮೂವರು ಕೆಳಗೆ ಸಹಿ ಹಾಕಿದರು. ಐದನೆಯವರಾಗಿ ದಸ್ತಗೀರಸಾಬರು ಹಾಕಿದರು. ಪರಗೌಡರ ಸಹಿಯ ಜಾಗ ಇವತ್ತಿಗೂ ಖಾಲಿ ಇದೆ. ಇರಲಿ, ಓದುವವರಿಗೆ ಅದೂ ಓದಲು ಸಿಗಲಿ. ನಮ್ಮವರು ಅದನ್ನೇನೂ ನೋಡಲಿಲ್ಲ. ಬೆಂಚಿನಿಂದ ಮೋಟರು ಬಿಚ್ಚುತ್ತಿದ್ದರು. ಹದಿನೆಂಟು ಕಿಲೋ ಇದೆ, ಯಂಕಣ್ಣ ಕೈ ಕೊಡಲು ಬಂದ. ಬೇಡ ಎಂದರು. ಎದೆಗೆ ಅವಚಿಕೊಂಡು, ಹಗಲು ಹನ್ನೊಂದು ಗಂಟೆಗೆ, ಮಷೀನ್ ಓಣಿಯ ಆ ತುದಿಯಿಂದ ಈ ತುದಿಯವರೆಗೆ ನಡು ರಸ್ತೆಯಲ್ಲಿ ನಡೆದರು. ಅಂಗಡಿಯವರು ಕೆಲಸ ನಿಲ್ಲಿಸಿ ನೋಡಿದರು. ನಾನು ಹಿಂದೆ ಸ್ಪಾನರು ಹಿಡಿದುಕೊಂಡು ಬಂದೆ, ಯಾರಾದರೂ ಒಂದು ಮಾತು ಆಡಲಿ ಎಂದು ಕಾಯುತ್ತ. ಯಾರೂ ಆಡಲಿಲ್ಲ.

ಮಧ್ಯಾಹ್ನದ ಊಟಕ್ಕೂ ಏಳದೆ ಹಿಂಭಾಗದ ಲೇತಿಗೆ ಆ ಮೋಟರನ್ನು ಹೊಂದಿಸಲು ಕೂತರು. ಮೋಟರಿನ ಮುಂದಿನ ತಟ್ಟೆಯ ತೂತು ಕೂರಲಿಲ್ಲ, ಅರೆದು ಕೂರಿಸಿದರು. ಬೆನ್ನಿನ ಸಣ್ಣ ವೈರನ್ನು ಮೂರು ಕಡೆ ಕಟ್ಟಿದರು, ಎಳೆದು ನೋಡಿದರು, ನಾಲ್ಕನೇ ಕಡೆಯೂ ಕಟ್ಟಿದರು. ನಾನು ಪಕ್ಕದಲ್ಲಿ ಕೂತು ಕೇಳಿದ್ದನ್ನು ಕೊಡುತ್ತಿದ್ದೆ. ಸ್ಲೈಡಿನ ಕೆಳಗೆ ಪೂರ್ತಿ ತೋಳು ತೂರಿಸಿ ಬೋಲ್ಟು ಬಿಗಿಯುವಾಗ ನನ್ನ ಕಣ್ಣು ಅವರ ಕೈಯ ಮೇಲೇ ಇತ್ತು. ಅದಕ್ಕೇ ಇರಬೇಕು, ಎಂಟರ ಅಳತೆಯ ಬೋಲ್ಟು ಕೀಲಿ ಕೇಳಿದರೆ ಆರರದು ಕೊಟ್ಟೆ.

“ಎಂಟರದು ಅಂದ್ರ ಆರರದು ಕೊಡ್ತೀಯಲ್ಲ, ಕಣ್ಣ ಎಲ್ಲಿಟ್ಟೀ? ಇಂಥಾ ಹೆಲ್ಪರ್‌ನ ಕಟ್ಕೊಂಡು ಯಾರು ಕೆಲಸಾ ಮಾಡಬೇಕು?”

ಹನ್ನೊಂದು ವರ್ಷದಿಂದ ಅವರು ನನಗೆ ಒಂದು ಗದರು ಮಾತು ಆಡಿರಲಿಲ್ಲ. ನಾನು ಪೆಟ್ಟಿಗೆಯಲ್ಲಿ ಎಂಟರದನ್ನು ಹುಡುಕಿದೆ, ಕೈಗೇ ಸಿಕ್ಕಿತು. ಬೇಕೆಂದೇ ಅದನ್ನು ಅಲ್ಲೇ ಬಿಟ್ಟು ಇನ್ನೊಮ್ಮೆ ಆರರದನ್ನೇ ಕೊಟ್ಟೆ.